ಟೆಸ್ಟ್ ಮಾವ

ಬಸವನಗುಡಿ, ಮಲ್ಲೇಶ್ವರ, ಜಯನಗರ, ಹೀಗೆ ಬೆಂಗಳೂರಿನ ಹಳೆಯ ಬಡಾವಣೆಗಳ ಯಾವ ರಸ್ತೆಗೆ ಹೋದರೂ ಒಬ್ಬರಾದರೂ ಟೆಸ್ಟ್ ಮಾವ ಸಿಕ್ಕೇ ಸಿಗುತ್ತಾರೆ. ಐಪಿಎಲ್ ಶುರುವಾಯಿತೆಂದರೆ ಸಂಜೆ ಏಳೂವರೆಗೆ ಸರಿಯಾಗಿ ಟಿ.ವಿ. ಎದುರಿನ ಮೊದಲ ಕುರ್ಚಿ ಹಿಡಿದು, 'ಇದೂ ಒಂದು ಕ್ರಿಕೆಟ್ಟಾ?' ಎಂದು ಕೇಳುವವರೇ ಅವರು. ಪ್ರಶ್ನೆ ಯಾರನ್ನು ಕುರಿತದ್ದೂ ಅಲ್ಲ. ಯಾರಾದರೂ ಉತ್ತರ ಕೊಡಲು ಬಾಯಿ ತೆರೆದರೆ, 'ಸುಮ್ನಿರೋ, ಬಾಲ್ ಹಾಕ್ತಿದಾನೆ' ಎಂದು ಗದರುತ್ತಾರೆ.

ನಮ್ಮ ರಸ್ತೆಯ ಟೆಸ್ಟ್ ಮಾವ ಬ್ಯಾಂಕಿನಿಂದ ನಿವೃತ್ತರಾದವರು. ಅವರ ಪ್ರಕಾರ ಕ್ರಿಕೆಟ್ಟಿಗೆ ಮೂರು ಲಕ್ಷಣ: ಬಿಳಿ ಬಟ್ಟೆ, ಕೆಂಪು ಚೆಂಡು, ಮಧ್ಯಾಹ್ನದ ಊಟ. ಊಟಕ್ಕೆ ಬಿಡದ ಆಟವನ್ನು ಆಟ ಅನ್ನಲೇಬಾರದು. ಐಪಿಎಲ್‌ನಲ್ಲಿ ಟೈಮ್ ಔಟ್ ಅಂತ ಎರಡೂವರೆ ನಿಮಿಷ ಬಿಡುತ್ತಾರಲ್ಲ, ಅಷ್ಟರಲ್ಲಿ ಒಂದು ಲೋಟ ಕಾಫಿಯೂ ಆರುವುದಿಲ್ಲ. 'ನಮ್ಮ ಕಾಲದಲ್ಲಿ ಮ್ಯಾಚಿನ ಮಧ್ಯೆ ಒಂದು ದಿನ ಪೂರ್ತಿ ರೆಸ್ಟ್ ಡೇ ಕೊಡ್ತಿದ್ರು ಕಣೋ. ಆಡೋರಿಗೆ ಮಾತ್ರ ಅಂತ ತಿಳ್ಕೊಂಡಿದೀಯಾ? ಐದು ದಿನ ಕೂತು ನೋಡೋದೇನು ಸುಲಭಾನಾ?'

ಸುಲಭವಲ್ಲ ಅನ್ನುವುದಕ್ಕೆ ಅವರು ಕೊಡುವ ಸಾಕ್ಷಿ 1974ರ ನವೆಂಬರ್. ಈಗ ಚಿನ್ನಸ್ವಾಮಿ ಎಂದು ಕರೆಯುವ ಸ್ಟೇಡಿಯಂನಲ್ಲಿ ನಡೆದ ಮೊತ್ತಮೊದಲ ಟೆಸ್ಟ್, ಎದುರಾಳಿ ವೆಸ್ಟ್ ಇಂಡೀಸ್. ಮಾವ ಅಲ್ಲಿದ್ದರು. ಅವರ ವಯಸ್ಸಿನ ಬೆಂಗಳೂರಿನವರೆಲ್ಲರೂ ಅಲ್ಲಿದ್ದರು. ಇದ್ದೆವೆನ್ನುವವರನ್ನೆಲ್ಲ ಸೇರಿಸಿದರೆ ಸ್ಟೇಡಿಯಂ ತುಂಬಿ, ಕಬ್ಬನ್ ಪಾರ್ಕ್ ತುಂಬಿ, ಶಿವಾಜಿನಗರದವರೆಗೆ ಗ್ಯಾಲರಿ ಕಟ್ಟಬೇಕಾಗುತ್ತದೆ. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದು ಚೊಚ್ಚಲ ಟೆಸ್ಟ್. ರಿಚರ್ಡ್ಸ್ ಎರಡೂ ಇನ್ನಿಂಗ್ಸ್‌ನಲ್ಲಿ ನಮ್ಮ ಚಂದ್ರಶೇಖರ್‌ಗೆ ವಿಕೆಟ್ ಒಪ್ಪಿಸಿದರು. ಒಮ್ಮೆ 4, ಇನ್ನೊಮ್ಮೆ 3. ಮುಂದಿನ ಟೆಸ್ಟಿನಲ್ಲಿ, ದಿಲ್ಲಿಯಲ್ಲಿ, ಅದೇ ರಿಚರ್ಡ್ಸ್ ಔಟಾಗದೆ 192 ಹೊಡೆದರಲ್ಲ ಮಾವ ಎಂದರೆ, 'ಪಾಠ ಕಲಿತಿದ್ದು ಎಲ್ಲಿ?' ಎಂದು ತಿರುಗಿ ಕೇಳುತ್ತಾರೆ. ಬೆಂಗಳೂರಿನ ಆ ಟೆಸ್ಟಿನಲ್ಲಿ ಭಾರತ 267 ರನ್ನಿನಿಂದ ಸೋತ ವಿಚಾರ ಮಾತ್ರ ಅವರ ವರ್ಣನೆಯಲ್ಲಿ ಬರುವುದೇ ಇಲ್ಲ. ಕೇಳಿದರೆ ಬೇಜಾರು. 'ಫಲಿತಾಂಶ ಕೇಳೋದು ಟ್ವೆಂಟಿ-ಟ್ವೆಂಟಿ ಬುದ್ಧಿ.'

ಅದೇ ಸರಣಿಯಲ್ಲಿ, ಮದರಾಸಿನ ಚೆಪಾಕ್‌ನಲ್ಲಿ ಗುಂಡಪ್ಪ ವಿಶ್ವನಾಥ್ ಆಡಿದ ಅಜೇಯ 97ನ್ನು ಮಾವ ಕೇಳಿದ್ದು ರೇಡಿಯೋದಲ್ಲಿ. ಈಗ ಹೇಳುವಾಗ ಮಾತ್ರ ಪಾಯಿಂಟ್‌ನಲ್ಲಿ ಫೀಲ್ಡಿಂಗ್ ನಿಂತಿದ್ದವರ ಹಾಗೆ ಹೇಳುತ್ತಾರೆ. ಆ್ಯಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದ ದಿನ. ತಂಡದ ಒಟ್ಟು ಮೊತ್ತವೇ 190, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಶಿಯದು. ಇಲ್ಲಿಗೆ ಬಂದಾಗ ಮಾವ ಎದ್ದು ನಿಂತು, ಅಂದಿನ ಪೇಪರನ್ನು ಸುರುಳಿ ಸುತ್ತಿ, ಬಲಗಾಲು ಒಂದಿಷ್ಟು ಆಚೆ ಸರಿಸಿ, ಮಣಿಕಟ್ಟು ತಿರುಗಿಸುತ್ತಾರೆ. ಅದು ಸ್ಕ್ವೇರ್ ಕಟ್. ಅವರು ಪೇಪರ್ ಸುತ್ತಲು ಶುರುಮಾಡಿದಾಗಲೇ ಅತ್ತೆ ಟೀಪಾಯಿಯ ಮೇಲಿನ ಕಾಫಿ ಲೋಟಗಳನ್ನು ಸದ್ದಿಲ್ಲದೆ ತೆಗೆದು ಕಿಟಕಿಯಲ್ಲಿಡುತ್ತಾರೆ. ಹಿಂದೆ ಒಮ್ಮೆ ಲೋಟ ಬೌಂಡರಿ ದಾಟಿದ್ದುಂಟು.

ಮಾವನಿಗೆ ರನ್ನುಗಳಿಗಿಂತ ರನ್ನಿಲ್ಲದ ಚೆಂಡುಗಳ ಮೇಲೆ ಪ್ರೀತಿ. ಬಾಪು ನಾಡಕರ್ಣಿಯವರ ಹೆಸರು ಬಂದರೆ ಕನ್ನಡಕ ತೆಗೆದು ಒರೆಸುತ್ತಾರೆ. 1964ರಲ್ಲಿ, ಮದರಾಸಿನಲ್ಲೇ, ಇಂಗ್ಲೆಂಡ್ ವಿರುದ್ಧ ಸತತ 21 ಮೇಡನ್ ಓವರ್. 'ಮೂವತ್ತೆರಡು ಓವರ್, ಇಪ್ಪತ್ತೇಳು ಮೇಡನ್, ಐದು ರನ್' ಎಂದು ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಹೇಳುತ್ತಾರೆ.

'ವಿಕೆಟ್ ಎಷ್ಟು ತಾತ?' ಎಂದು ಮೊಮ್ಮಗ ಕೇಳುತ್ತಾನೆ.

'ವಿಕೆಟ್ ಇಲ್ಲ.'

'ಮತ್ತೆ ಏನಾಯ್ತು?'

'ಏನೂ ಆಗ್ಲಿಲ್ಲ ಕಣೋ! ಅದೇ ವಿಶೇಷ.'

ಹನ್ನೊಂದು ವರ್ಷದ ಆ ಹುಡುಗ ತಾತನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಸುಮ್ಮನಾಗುತ್ತಾನೆ. ಆದರೆ ಡರ್ಬನ್ ಕಥೆಗೆ ಅವನು ಸುಮ್ಮನಿರಲಿಲ್ಲ. 1939ರಲ್ಲಿ ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡ್ ಅಲ್ಲೊಂದು ಟೆಸ್ಟ್ ಆಡಿದವು. ದಿನಗಳ ಮಿತಿಯೇ ಇಲ್ಲ, ಗೆಲ್ಲುವವರೆಗೂ ಆಡುವುದು ಎಂಬ ಕರಾರು. ಮಾರ್ಚ್ 3ಕ್ಕೆ ಶುರುವಾದದ್ದು 14ನೇ ತಾರೀಕಾದರೂ ಮುಗಿಯಲಿಲ್ಲ. ಇಂಗ್ಲೆಂಡಿಗೆ ಗೆಲ್ಲಲು 696 ಬೇಕಿತ್ತು, 5 ವಿಕೆಟ್ಟಿಗೆ 654 ಆಗಿತ್ತು. ಅತ್ತ ಮಳೆ ಹಿಡಿಯಿತು, ಇತ್ತ ಊರಿಗೆ ಹೋಗುವ ಹಡಗಿಗೆ ಹೊತ್ತಾಯಿತು. ಡ್ರಾ ಎಂದು ಕೈಕುಲುಕಿ ಹೊರಟುಬಿಟ್ಟರು. ಇದನ್ನು ಹೇಳುವಾಗ ಮಾವನ ಕಣ್ಣಂಚಿನಲ್ಲಿ ನೀರಾಡುತ್ತದೆ.

'ಬರೀ 42 ರನ್ನಾ?' ಎಂದ ಮೊಮ್ಮಗ. 'ಮೂರು ಓವರ್ ಸಾಕಿತ್ತು ತಾತ. ಹಡಗೂ ಸಿಗ್ತಿತ್ತು.'

ಆ ಸಂಜೆ ಮಾವ ಹುಡುಗನ ಜೊತೆ ಮಾತಾಡಲಿಲ್ಲ. ಎಲ್ಲ ಕೆಟ್ಟದ್ದೂ ಶುರುವಾದದ್ದು 1971ರ ಜನವರಿಯಲ್ಲಿ ಎಂಬುದು ಅವರ ಸಿದ್ಧಾಂತ. ಮೆಲ್ಬರ್ನಿನ ಟೆಸ್ಟ್ ಮಳೆಗೆ ಕೊಚ್ಚಿಹೋಗಿ, ಬಂದ ಜನಕ್ಕೆ ಸಮಾಧಾನವಾಗಲಿ ಎಂದು ಒಂದು ದಿನದ ಪಂದ್ಯ ಆಡಿಸಿದರು. ಅದೇ ಮೊದಲ ಅಂತರರಾಷ್ಟ್ರೀಯ ಏಕದಿನ ಪಂದ್ಯ. 'ಅವತ್ತು ಮಳೆ ಬರದೇ ಇದ್ದಿದ್ರೆ ಇವತ್ತು ಈ ಚಿಯರ್ ಗರ್ಲ್ಸ್ ಇರ್ತಿರ್ಲಿಲ್ಲ' ಎನ್ನುತ್ತಾರೆ, ಪರದೆಯಿಂದ ಕಣ್ಣು ಕೀಳದೆ. 1975ರ ಮೊದಲ ವಿಶ್ವಕಪ್ಪಿನಲ್ಲಿ, ಇಂಗ್ಲೆಂಡಿನ 334 ಬೆನ್ನಟ್ಟಬೇಕಾದ ಗಾವಸ್ಕರ್ 60 ಓವರ್ ಪೂರ್ತಿ ಆಡಿ ಔಟಾಗದೆ 36 ಮಾಡಿದ್ದನ್ನು ಯಾರಾದರೂ ಎತ್ತಿ ಆಡಿದರೆ ಮಾವನ ಬಳಿ ಉತ್ತರ ಸಿದ್ಧ: 'ಅದು ಬ್ಯಾಟಿಂಗ್ ಅಲ್ಲಯ್ಯ, ಸತ್ಯಾಗ್ರಹ.'

ಅತ್ತೆಯ ನಿಲುವು ಬೇರೆ. ಅವರು ಸಂಪೂರ್ಣ ಟ್ವೆಂಟಿ-ಟ್ವೆಂಟಿ ಪಕ್ಷ, ಮತ್ತು ಅದಕ್ಕೆ ಕಾರಣ ಸಿಕ್ಸರಲ್ಲ. 'ಐದು ದಿನ ಇವರ ಸ್ನೇಹಿತರೆಲ್ಲ ಇಲ್ಲೇ ಬಿಡಾರ. ಬೆಳಿಗ್ಗೆ ಉಪ್ಪಿಟ್ಟು, ಊಟಕ್ಕೆ ಹುಳಿ ಅನ್ನ, ಟೀ ಬ್ರೇಕಿಗೆ ಬೋಂಡ. ಕೊನೆಗೆ ಡ್ರಾ ಅಂತ ಹೇಳಿ ಎದ್ದು ಹೋಗೋರು. ನನ್ನ ರೆಸ್ಟ್ ಡೇ ಯಾವುದಾಗಿತ್ತು, ಕೇಳಿ ಅವರನ್ನ.' ಕ್ರಿಕೆಟ್ ಪಂಡಿತರು ಯಾರೂ ಈ ಕೋನದಿಂದ ಬರೆದಂತಿಲ್ಲ. 2003ರಲ್ಲಿ ಇಂಗ್ಲೆಂಡಿನ ಕೌಂಟಿಗಳು ಇಪ್ಪತ್ತು ಓವರಿನ ಆಟ ಶುರುಮಾಡಿದ್ದು ಆಫೀಸು, ಸ್ಕೂಲು ಮುಗಿಸಿ ಬಂದವರು ಆಟ ನೋಡಿ ಹೊತ್ತಿಗೆ ಮನೆ ಸೇರಲಿ ಎಂದು. ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಎಂಟಕ್ಕೆ ಮನೆಗೆ ಬಂದು ಬಿದ್ದುಕೊಳ್ಳುವ ಅವರ ಮಗನಿಗೂ, ಅಡುಗೆ ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುವ ಅತ್ತೆಗೂ ಅಳತೆ ತೆಗೆದು ಹೊಲಿದ ಹಾಗಿದೆ ಆ ಆಟ.

ಅತ್ತೆ ಕೂತು ನೋಡುವುದಷ್ಟೇ ಅಲ್ಲ, ಲೆಕ್ಕವನ್ನೂ ಹಾಕುತ್ತಾರೆ. 2024ರ ಮೇ 18ರಂದು ಆರ್‌ಸಿಬಿ ಪ್ಲೇಆಫ್ ಸೇರಬೇಕಾದರೆ ಚೆನ್ನೈಯನ್ನು 200ರೊಳಗೆ ಕಟ್ಟಿಹಾಕಬೇಕಿತ್ತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅಂಚಿನಲ್ಲಿ ಅತ್ತೆ ಆಗಲೇ ಭಾಗಾಕಾರ ಮುಗಿಸಿದ್ದರು. ಮಾವನಿಗೆ ಇದು ಅರ್ಥವಾಗಲಿಲ್ಲ. 'ಅಂದ್ರೆ ಚೆನ್ನೈಯವರು ಸೋತ್ರೂ ಮುಂದೆ ಹೋಗ್ತಾರಾ? ಇದೆಂಥ ನ್ಯಾಯ?' ಅತ್ತೆ ತಲೆ ಎತ್ತದೆ, 'ನಿಮ್ಮದರಲ್ಲಿ ಐದು ದಿನ ಆಡಿ ಯಾರೂ ಗೆಲ್ಲಲ್ವಲ್ಲ, ಅದೆಂಥ ನ್ಯಾಯ?' ಎಂದರು. ಚೆನ್ನೈ 191ಕ್ಕೆ ನಿಂತಿತು. ಅಂದು ರಾತ್ರಿ ರಸ್ತೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವರು ಯಾರೆಂದು ಹೇಳಬೇಕಾಗಿಲ್ಲ. ಬೆಳಿಗ್ಗೆ ಗಂಟಲು ಕಟ್ಟಿದ್ದಕ್ಕೆ ಹವೆಯನ್ನು ಬೈದರು.

ಮಾವನಿಗೂ ಆರ್‌ಸಿಬಿಗೂ ಇರುವ ನಂಟು ಮೊದಲ ದಿನದ್ದು. 2008ರ ಏಪ್ರಿಲ್ 18, ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ, ಅದೂ ಚಿನ್ನಸ್ವಾಮಿಯಲ್ಲಿ. ದ್ರಾವಿಡ್ ನಾಯಕ, ಜೊತೆಗೆ ಕಾಲಿಸ್, ವಾಸಿಂ ಜಾಫರ್. ಟೆಸ್ಟ್ ಟೀಮನ್ನು ಇಪ್ಪತ್ತು ಓವರಿಗೆ ಇಳಿಸಿದ್ದಾರೆಂದು ಊರೆಲ್ಲ ನಗುತ್ತಿದ್ದರೆ ಮಾವನಿಗೆ ಹಬ್ಬ. ಕೋಲ್ಕತ್ತದ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮವರೆಲ್ಲ ಸೇರಿ 82. ಆಗ ಮಾವ ಹೇಳಿದ ಮಾತು ರಸ್ತೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ: 'ಇನ್ನೊಂದು ಇನ್ನಿಂಗ್ಸ್ ಇದ್ದಿದ್ರೆ ನೋಡ್ತಿದ್ದೆ!'

ನನಗನ್ನಿಸುವುದೇನೆಂದರೆ, ಆ ಇನ್ನೊಂದು ಇನ್ನಿಂಗ್ಸನ್ನು ಬೆಂಗಳೂರಿನವರು ಆಮೇಲೆ ಆಡಿಯೇ ತೀರಿದರು. 2009, 2011, 2016, ಮೂರು ಫೈನಲ್ ಸೋತು, ಪ್ರತಿ ಮಾರ್ಚಿಗೂ 'ಈ ಸಲ ಕಪ್ ನಮ್ದೇ' ಎಂದು ಗಾರ್ಡ್ ತಗೊಂಡು ನಿಂತರಲ್ಲ, ಹದಿನೆಂಟು ಸೀಸನ್, ಯಾವ ಟೆಸ್ಟ್ ಇಷ್ಟು ಉದ್ದ ಎಳೆದಿದೆ? ಮೂರೂವರೆ ಗಂಟೆಯ ಆಟಕ್ಕೆ ತಾಳ್ಮೆ ಬೇಡವೆನ್ನುವವರು ಆರ್‌ಸಿಬಿ ಅಭಿಮಾನಿಯನ್ನು ನೋಡಿಲ್ಲ. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಕಪ್ ಗೆದ್ದಾಗ ಮಾವ ಅದರ ಪೂರ್ತಿ ಶ್ರೇಯಸ್ಸನ್ನು ಟೆಸ್ಟಿಗೇ ಸಲ್ಲಿಸಿದರು. ಕೊಹ್ಲಿ 35 ಚೆಂಡಿಗೆ 43, ಎಲ್ಲರೂ ನಿಧಾನವೆಂದು ಬೈದ ಆಟ: 'ಟೆಸ್ಟ್ ಆಡೋನ ಜವಾಬ್ದಾರಿ.' ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ ಕೊಟ್ಟದ್ದು ಬರೀ 17: 'ನಾಡಕರ್ಣಿ ಶಿಷ್ಯ.' ಕೊನೇ ಓವರಿನ ಹೇಜಲ್‌ವುಡ್: 'ಲೆಂತ್ ನೋಡು, ಟೆಸ್ಟ್ ಲೆಂತ್!' ಮಾರನೆಯ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನಡೆದ ಕಾಲ್ತುಳಿತ ತಮಾಷೆಯ ಬರಹಕ್ಕೆ ಸೇರುವಂಥದ್ದಲ್ಲ. ಮಾವ ಬಹಳ ದಿನ ಕ್ರಿಕೆಟ್ಟಿನ ಮಾತೇ ಎತ್ತಲಿಲ್ಲ.

ಹಾಗಾದರೆ ಟೆಸ್ಟನ್ನು ಅವರು ನೋಡುವುದು ಯಾವಾಗ? ನೋಡುತ್ತಾರೆ, ಕಣ್ಣು ಮುಚ್ಚಿಕೊಂಡು. ಟಾಸಿನ ಹೊತ್ತಿಗೆ ಎಚ್ಚರ, ಊಟವಾದ ಮೇಲೆ ಗೊರಕೆ. ಅತ್ತೆ ಮೆಲ್ಲಗೆ ರಿಮೋಟ್ ತೆಗೆದು ಧಾರಾವಾಹಿ ಹಾಕಿದ ಕ್ಷಣ 'ನೋಡ್ತಿದೀನಿ ಕಣೇ' ಎಂಬ ದನಿ ಏಳುತ್ತದೆ. ಸ್ಕೋರು ಹತ್ತು ರನ್ ಮುಂದೆ ಹೋಗಿರುತ್ತದೆ ಅಷ್ಟೇ. ಇದು ಟೆಸ್ಟಿನ ನಿಜವಾದ ದೊಡ್ಡತನ ಎಂದು ನಾನೂ ಒಪ್ಪುತ್ತೇನೆ. ಟ್ವೆಂಟಿ-ಟ್ವೆಂಟಿಯಲ್ಲಿ ಸೀನುವುದಕ್ಕೂ ಭಯ.

2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಚಿನ್ನಸ್ವಾಮಿಗೆ ಬಂದಾಗ ಮಗ ಮೊಬೈಲಿನಲ್ಲೇ ಟಿಕೆಟ್ ತೆಗೆದುಕೊಟ್ಟ. ಮೊದಲ ದಿನ ಮಳೆಯೇ ಬ್ಯಾಟಿಂಗ್ ಮಾಡಿತು. ಎರಡನೆಯ ದಿನ ರೋಹಿತ್ ಟಾಸ್ ಗೆದ್ದು, ಮೋಡದ ಕೆಳಗೆ ಬ್ಯಾಟಿಂಗ್ ಅಂದರು. ನಾನೂ ಜೊತೆಗಿದ್ದೆ. ಹಿಂದಿನ ಸಾಲಿನಲ್ಲಿ ಆರ್‌ಸಿಬಿ ಜೆರ್ಸಿ ತೊಟ್ಟ ಕಾಲೇಜು ಹುಡುಗರು. ಮಾವ ಅವರತ್ತ ತಿರುಗಿ, 'ಮೊದಲ ಗಂಟೆ ಬೌಲರ್‌ಗೆ ಬಿಟ್ಟುಕೊಡಬೇಕಪ್ಪಾ, ಟೆಸ್ಟ್ ಅಂದ್ರೆ ಹಾಗೆ' ಎಂದು ಪಾಠ ಶುರುಮಾಡಿದರು. ನಮ್ಮವರು ಧಾರಾಳಿಗಳು, ಬೆಳಗಿನ ಹೊತ್ತನ್ನು ಪೂರ್ತಿ ಬಿಟ್ಟುಕೊಟ್ಟರು. ಊಟದ ಹೊತ್ತಿಗೆ 6 ವಿಕೆಟ್ಟಿಗೆ 34. ಊಟ ಮುಗಿಸಿ ಬಂದವರು 46ಕ್ಕೆ ಆಲೌಟ್. ಐದು ಜನ ಸೊನ್ನೆ ಸುತ್ತಿದ್ದರು, ಅದರಲ್ಲಿ ಒಬ್ಬರು ನಮ್ಮವರೇ ಆದ ಕೆ.ಎಲ್. ರಾಹುಲ್.

ಹುಡುಗರಲ್ಲೊಬ್ಬ ತುಂಬ ವಿನಯದಿಂದ ಮುಂದಕ್ಕೆ ಬಾಗಿದ. 2017ರಲ್ಲಿ ಆರ್‌ಸಿಬಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟಾದದ್ದನ್ನು ಮಾವ ಬೆಳಿಗ್ಗೆಯಷ್ಟೇ ಅವನಿಗೆ ನೆನಪಿಸಿ ನಕ್ಕಿದ್ದರು. 'ಅಂಕಲ್, 49 ಜಾಸ್ತಿನಾ, 46 ಜಾಸ್ತಿನಾ?'

ಮಾವ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. 'ಅವರು ಒಂಬತ್ತು ಚಿಲ್ಲರೆ ಓವರಿಗೆ ಔಟಾದ್ರು. ಇವರು ಮೂವತ್ತೊಂದು ಓವರ್ ಆಡಿದಾರೆ. ಔಟಾಗೋದಕ್ಕೂ ಒಂದು ಕ್ರಮ ಬೇಡ್ವೇನೋ?'

ನ್ಯೂಜಿಲೆಂಡ್ 402 ಹೊಡೆಯಿತು. ಅದರಲ್ಲಿ 134 ರಚಿನ್ ರವೀಂದ್ರ ಅವರದು. ತಂದೆತಾಯಿ ಬೆಂಗಳೂರಿನವರಾದ್ದರಿಂದ ಅದನ್ನು ಮಾವ ನಮ್ಮ ಖಾತೆಗೇ ಜಮಾ ಮಾಡಿಕೊಂಡರು. ಆಮೇಲೆ ನೋಡಿ ಪವಾಡ: ಎರಡನೇ ಇನ್ನಿಂಗ್ಸ್‌ನಲ್ಲಿ ಭಾರತ 462! ಸರ್ಫರಾಜ್ 150, ಪಂತ್ 99. ಮಾವ ಮನೆಮನೆಗೆ ಹೋಗಿ, 'ಇನ್ನೊಂದು ಇನ್ನಿಂಗ್ಸ್ ಅಂದ್ರೆ ಏನು ಅಂತ ಈಗ ಗೊತ್ತಾಯ್ತಾ?' ಎಂದು ವಿಚಾರಿಸಿಕೊಂಡು ಬಂದರು.

ಐದನೆಯ ದಿನ ನ್ಯೂಜಿಲೆಂಡಿಗೆ ಬೇಕಿದ್ದದ್ದು 107, ಕೈಯಲ್ಲಿ ಹತ್ತೂ ವಿಕೆಟ್. 'ಏನು ಬೇಕಾದ್ರೂ ಆಗಬಹುದು' ಎಂದು ಛತ್ರಿ ಹಿಡಿದು ಮಾವ ಮೆಟ್ರೋ ಹತ್ತಿದರು. ಲೇಥಮ್ ಸೊನ್ನೆಗೆ ಬಿದ್ದಾಗ ಏನೋ ಆಗಿಯೇಬಿಡುತ್ತದೆಂದು ನನಗೆ ಫೋನೂ ಮಾಡಿದರು. ಎಂಟು ವಿಕೆಟ್ಟಿನಿಂದ ಸೋತೆವು. ಬಾಗಿಲು ತೆಗೆದ ಅತ್ತೆ, 'ಐದು ದಿನದ ಆಟ ಅಂದ್ರಿ, ಊಟದ ಹೊತ್ತಿಗೇ ಬಂದ್ರಲ್ಲ, ಅನ್ನಕ್ಕೆ ಈಗ ಇಡಬೇಕು' ಎಂದರು.

ಮಾವ ಛತ್ರಿ ಮೂಲೆಗಿಟ್ಟು, ಕುರ್ಚಿಯಲ್ಲಿ ಕೂತು, ಬಹಳ ಯೋಚಿಸಿ ಹೇಳಿದರು: 'ಈ ಟೆಸ್ಟಿಗೆ ಮೂರನೇ ಇನ್ನಿಂಗ್ಸ್ ಅಂತ ಒಂದು ಇಡಬೇಕಿತ್ತು ಕಣೇ.'