ಬಣ್ಣಕ್ಕೆ ಮೊದಲು ವೈರಿಂಗು

ಅಕ್ಕ, ಬಣ್ಣದವರನ್ನ ಕರೆಸ್ತಿದ್ದೀರಂತೆ, ಸಂತೋಷ. ಆದ್ರೆ ಅದಕ್ಕೆ ಮೊದಲು ವೈರಿಂಗ್ ಮಾಡಿಸಿಬಿಡಿ. ನಿಮ್ಮನೆ, ನಮ್ಮನೆ ಎರಡೂ ಒಂದೇ ಕಾಲದ್ದು. ಗೋಡೆ ಮೇಲೆ ತೇಗದ ಪಟ್ಟಿ, ಪಟ್ಟಿಗೆ ಕ್ಲಿಪ್ಪು, ಕ್ಲಿಪ್ಪೊಳಗೆ ರಬ್ಬರ್ ಹೊದಿಕೆಯ ವೈರು. ಮೊನ್ನೆ ನಮ್ಮ ನಡುಮನೆ ಸ್ವಿಚ್ ಬೋರ್ಡ್ ಬಿಚ್ಚಿದ್ರು. ವೈರನ್ನ ಒಂಚೂರು ಬಗ್ಗಿಸಿದ್ದಷ್ಟೇ, ರಬ್ಬರು ಹುಡಿಹುಡಿಯಾಗಿ ಉದುರಿ ಒಳಗಿನ ತಾಮ್ರ ಬರಿದಾಗಿ ನಿಂತ್ಕೊಳ್ತು. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ.

ಕಟ್ಟಿದವರನ್ನ ಅನ್ನೋ ಹಾಗಿಲ್ಲ. ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿಗೆ ಬಂದಿದ್ದೇ ದೀಪ ಹೊತ್ತಿಸೋಕೆ. ನಮ್ಮಂಥ ಮನೆಗಳನ್ನ ಕಟ್ಟಿದಾಗಲೂ ನಾಲ್ಕು ಬಲ್ಬು, ಒಂದು ರೇಡಿಯೋ, ಹೆಚ್ಚಂದ್ರೆ ಫ್ಯಾನು. ಈಗ 2000 ವ್ಯಾಟಿನ ಗೀಜರ್ ಒಂದೇ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತೆ. 5 ಆಂಪಿಯರಿನ ಲೈನು ಹೇಗೆ ತಡೆದೀತು? ಫ್ಯೂಸ್ ಹೋಗುತ್ತೆ. ಆಗ ಪಿಂಗಾಣಿ ಫ್ಯೂಸ್ ಕಿತ್ತು ದಪ್ಪ ತಂತಿ ಸುತ್ತಿ ಸಿಕ್ಕಿಸಿಬಿಡ್ತಾರೆ ನೋಡಿ, ಅದನ್ನ ಕಂಡ್ರೆ ನನಗೆ ಸಿಟ್ಟು ನೆತ್ತಿಗೇರುತ್ತೆ. ಫ್ಯೂಸ್ ಇರೋದೇ ಸುಟ್ಟುಹೋಗೋಕೆ. ಅದು ಸುಡದಿದ್ರೆ ವೈರು ಸುಡುತ್ತೆ, ಅದರ ಮೈಗಂಟಿಕೊಂಡೇ ಒಣಗಿದ ಮರ ಇದೆ.

ಎಲ್ಲಾ ಒಟ್ಟಿಗೆ ಮಾಡಿಸೋಕೆ ದುಡ್ಡು ಸಾಲದಿದ್ರೆ ಮೊದಲು ಅರ್ಥಿಂಗ್ ಮಾಡಿಸಿ. ವಾಷಿಂಗ್ ಮೆಷಿನ್ ಮುಟ್ಟಿದ್ರೆ ಜುಮ್ಮನ್ನುತ್ತೆ ಅಂತಿದ್ರಲ್ಲ, ಹೆಚ್ಚಾಗಿ ಅರ್ಥ್ ಇಲ್ಲದ್ದಕ್ಕೇ ಅದು. ಹಿತ್ತಲಲ್ಲಿ ಗುಂಡಿ ತೆಗೆದು ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬ್ತಾರೆ. ಬೇಸಿಗೇಲಿ ಅದಕ್ಕೆ ನೀರು ಹಾಕೋದು ಮರೀಬೇಡಿ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅಂದ್ರೆ ಕರೆಂಟು ಸೋರಿದ್ರೆ ತಾನೇ ಬಿದ್ದು ಲೈನು ಕಡಿಯೋ ಸ್ವಿಚ್ಚು. ಫ್ಯೂಸ್ ಬದಲು ಹಾಕೋ ಎಂಸಿಬಿ ಕಾಯೋದು ವೈರನ್ನ, ಇದು ಕಾಯೋದು ಜನರನ್ನ. ಹಾಕಿದ ದಿನವೇ ಪದೇ ಪದೇ ಬಿದ್ರೆ "ತೆಗೆದುಬಿಡೋಣ್ವಾ" ಅಂತ ಕೇಳ್ತಾರೆ. ಖಂಡಿತಾ ಒಪ್ಪಬೇಡಿ. ಎಲ್ಲೋ ಕರೆಂಟು ಸೋರ್ತಿದೆ ಅಂತ ಲೆಕ್ಕ, ಹುಡುಕಿಸಿ.

ಗೀಜರ್‌ಗೆ ಬೇರೆ ಲೈನು, ತಾಮ್ರದ್ದೇ, ಅಂಗಡೀಲಿ 4 ಎಂಎಂ ಅಂತ ಕೇಳಿದ್ರೆ ಕೊಡ್ತಾರೆ. ನಿಮ್ಮದು ಮಣ್ಣಿನ ಗೋಡೆ, ಕೊರೆಸೋಕೆ ಹೋಗಬೇಡಿ, ಪಿವಿಸಿ ಪೈಪು ಗೋಡೆ ಮೇಲೇ ಹಾಯಲಿ. ಕೆಲಸ ಲೈಸೆನ್ಸ್ ಇದ್ದವರ ಕೈಲೇ ಆಗಲಿ, ಮುಗಿದ ಮೇಲೆ ವೈರಿನ ಹೊದಿಕೆ ಗಟ್ಟಿಯಿದೆಯಾ ಅಂತ ಅಳೆಯೋ ಮೆಗ್ಗರ್ ಇಟ್ಟು ನಿಮ್ಮೆದುರಿಗೇ ಪರೀಕ್ಷೆ ಮಾಡಲಿ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಒಂದಿರುತ್ತೆ. ತಿಂಗಳಿಗೊಂದ್ಸಲ ಒತ್ತಿ ನೋಡಿ, ಟಕ್ ಅಂತ ಬೀಳಲಿಲ್ಲ ಅಂದ್ರೆ ಅವತ್ತೇ ಬದಲಾಯಿಸಿ.