ಡಿಕ್ಕಿ ಮೀಮಾಂಸೆ: ಸೊಕ್ಕೆ ಸೀಮೆಯ ಟಗರೂ ಅಮೆರಿಕದ ಐಸ್ ಹಾಕಿಯೂ

ಸೊಕ್ಕೆಗೂ ಐಸ್ ಹಾಕಿಗೂ ಎತ್ತಣ ಸಂಬಂಧ ಎಂದು ಹುಬ್ಬೇರಿಸುವವರು ಮೊದಲು ಹೆಸರುಗಳನ್ನು ಗಮನಿಸತಕ್ಕದ್ದು. ಹಳಗನ್ನಡದಲ್ಲಿ ಸೊರ್ಕು, ಹೊಸಗನ್ನಡದಲ್ಲಿ ಸೊಕ್ಕು. ಎರಡೂ ಏರುವುದು ತಲೆಗೆ, ಎರಡನ್ನೂ ಇಳಿಸುವುದು ತಲೆಗೆ ಬೀಳುವ ಪೆಟ್ಟು. ಮೇಲಾಗಿ ಸೊಕ್ಕೆ ಎಂಬ ಊರು ಇರುವುದು ಜಗಳೂರು ತಾಲ್ಲೂಕಿನಲ್ಲಿ; ಅಲ್ಲಿ ಜಗಳ ಹೆಸರಿನಲ್ಲೇ ಇದೆ. ಅದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಗೆ ಒಂದೇ ತಲೆಗೆ ನಾಲ್ಕು ಕೊಂಬು. ಆದ್ದರಿಂದ ತಲೆಪೆಟ್ಟಿನ ವಿಷಯದಲ್ಲಿ ಅಧಿಕಾರವಾಣಿ ನಮ್ಮದೇ ಎಂಬುದು ಪ್ರಬಂಧಕಾರನ ಸಿದ್ಧಾಂತ. ಈ ವ್ಯುತ್ಪತ್ತಿಯನ್ನು ಕೇಳಿದ ಹಿರಿಯರೊಬ್ಬರು ನನ್ನ ಸೊಕ್ಕನ್ನೇ ಇಳಿಸುವುದಾಗಿ ಹೇಳಿದ್ದಾರೆ. ಅದನ್ನು ಸಿದ್ಧಾಂತಕ್ಕೆ ಸಿಕ್ಕ ಪುಷ್ಟಿಯೆಂದೇ ಪರಿಗಣಿಸಿದ್ದೇನೆ.

ಇಲ್ಲಿ ಒಂದು ಪೂರ್ವಪಕ್ಷ: ಬರಗಾಲ ಬೆನ್ನು ಬಿಡದ ಈ ಸೀಮೆಯಲ್ಲಿ ಕುಡಿಯುವ ನೀರಿಗೇ ತತ್ವಾರ, ಐಸ್ ಕಣ್ಣಿಗೆ ಬೀಳುವುದು ಕಬ್ಬಿನ ಹಾಲಿನ ಗಾಡಿಯಲ್ಲಿ ಮಾತ್ರ, ಹೀಗಿರಲು ಐಸ್ ಹಾಕಿಯನ್ನು ಅರಿಯುವುದೆಂತು? ಸಮಾಧಾನ: ಆ ಆಟದ ಸಾರ ಇರುವುದು ಐಸಿನಲ್ಲಲ್ಲ, ಹಾಕಿಯಲ್ಲೂ ಅಲ್ಲ, ಡಿಕ್ಕಿಯಲ್ಲಿ. ಡಿಕ್ಕಿ ನಮಗೆ ಹೊಸದಲ್ಲ.

ದಾವಣಗೆರೆ ಕಡೆಯ ಟಗರಿನ ಕಾಳಗ ನೋಡಿದವರಿಗೆ ವಿವರಣೆ ಬೇಕಿಲ್ಲ. ಹಗ್ಗ ಸಡಿಲಿಸಿದೊಡನೆ ಎರಡು ಟಗರು ಹಿಂದಕ್ಕೆ ಸರಿಯುತ್ತವೆ, ಸಾಲ ವಾಪಸು ಕೇಳಲು ಹೊರಟವರಂತೆ ಒಂದು ಕ್ಷಣ ನಿಂತು ಯೋಚಿಸುತ್ತವೆ, ಆಮೇಲೆ ಓಡಿಬಂದು ನೆತ್ತಿಗೆ ನೆತ್ತಿ. ಒಣ ತೊಲೆಯ ಮೇಲೆ ಕೊಡಲಿ ಬಿದ್ದಂಥ ಸದ್ದು. ಭಂಡಾರ ಬಳಿದ ಹಣೆಯಿಂದ ಹಳದಿ ಧೂಳು ಏಳುತ್ತದೆ. ಬೆನ್ನು ತಿರುಗಿಸಿದ್ದು ಸೋತಿತು. ಸೋತ ಟಗರು ಯಾರದೆಂದು ನೋಡಿ ತೀರ್ಪು ಬದಲಾಯಿಸಿದರೆ ಮುಂದಿನ ಡಿಕ್ಕಿ ತೀರ್ಪುಗಾರನಿಗೇ ಬೀಳುತ್ತದೆ. ಜೋಡಿ ಕಟ್ಟುವ ಮೊದಲು ಬಾಯಿ ಅಗಲಿಸಿ ಹಲ್ಲೆಣಿಸುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಹೀಗೆ. ಈ ಪದ್ಧತಿಯನ್ನು ಐಸ್ ಹಾಕಿಗೆ ಸೂಚಿಸೋಣವೆಂದಿದ್ದೆ. ಆದರೆ ಅಲ್ಲಿಯ ಎಷ್ಟೋ ಆಟಗಾರರಿಗೆ ಮುಂದಿನ ಹಲ್ಲೇ ಉಳಿದಿಲ್ಲ.

ಈಗ ಅಮೆರಿಕ–ಕೆನಡಾಗಳ ನ್ಯಾಷನಲ್ ಹಾಕಿ ಲೀಗಿನ ದಂಡಶಾಸ್ತ್ರಕ್ಕೆ ಬರೋಣ. 2010ರ ಮಾರ್ಚ್‌ನಲ್ಲಿ ಮ್ಯಾಟ್ ಕುಕ್ ಎಂಬಾತನ ಭುಜ ಮಾರ್ಕ್ ಸವಾರ್ಡ್‌ನ ತಲೆಗೆ ಬಡಿಯಿತು. ಆಗಿನ ಶಿಸ್ತಿನ ಅಧಿಕಾರಿ ಕಾಲಿನ್ ಕ್ಯಾಂಪ್‌ಬೆಲ್ ನಿಯಮದ ಪುಸ್ತಕ ತಿರುವಿದರು. ಇಂಥ ಡಿಕ್ಕಿಯನ್ನು ಅದು ನಿಷೇಧಿಸಿರಲಿಲ್ಲ. ಶಿಕ್ಷೆಯೂ ಇಲ್ಲ. ನಿಯಮ ಹುಟ್ಟಿದ್ದು ಆಮೇಲೆ. ಸವಾರ್ಡ್ ಚೇತರಿಸಿಕೊಂಡು ಮರಳಿದ, 2011ರ ಜನವರಿಯಲ್ಲಿ ಮತ್ತೆ ತಲೆಪೆಟ್ಟು ತಿಂದ, ಅಲ್ಲಿಗೆ ಅವನ ಆಟ ಮುಗಿಯಿತು. ಅದೇ ವರ್ಷ ‘ಆಟಗಾರರ ಸುರಕ್ಷತಾ ವಿಭಾಗ’ ಎಂಬುದು ಸ್ಥಾಪನೆಯಾಯಿತು.

2012ರ ಏಪ್ರಿಲ್‌ನಲ್ಲಿ ಈ ವಿಭಾಗದ ಪ್ರತಿಭೆ ಹೊಳೆಯಿತು. ಶೇ ವೆಬರ್ ಎಂಬವನು ಹೆನ್ರಿಕ್ ಜೆಟರ್‌ಬರ್ಗ್‌ನ ತಲೆ ಹಿಡಿದು, ಕಲ್ಲಿಗೆ ತೆಂಗಿನಕಾಯಿ ಒಡೆಯುವಂತೆ, ಗಾಜಿನ ಗೋಡೆಗೆ ಕುಟ್ಟಿದ. ಹೆಲ್ಮೆಟ್ ಸೀಳಿತು. ವಿಭಾಗದವರು ಪೆಟ್ಟು ತಿಂದವನ ತಂಡಕ್ಕೆ ಫೋನ್ ಮಾಡಿ ವಿಚಾರಿಸಿದರು. ಮುಂದಿನ ಪಂದ್ಯಕ್ಕೆ ಬರುತ್ತಾನೆ ಎಂದು ಗೊತ್ತಾಯಿತು. ದಂಡ 2,500 ಡಾಲರ್. ವಾರ ಕಳೆಯುವುದರೊಳಗೆ ರಾಫಿ ಟೋರೆಸ್ ಮರಿಯನ್ ಹೋಸಾನಿಗೆ ಗುದ್ದಿದ. ಹೋಸಾ ಸ್ಟ್ರೆಚರ್ ಮೇಲೆ ಹೋದ. ಟೋರೆಸ್‌ಗೆ 25 ಪಂದ್ಯ ನಿಷೇಧ, ಮೇಲ್ಮನವಿಯಲ್ಲಿ 21. ಇದರಿಂದ ಹೊರಡುವ ಸೂತ್ರ: ಅಪರಾಧ ಇರುವುದು ಗುದ್ದಿನಲ್ಲಲ್ಲ, ಗುದ್ದಿಸಿಕೊಂಡವನ ತಲೆಯ ಗಟ್ಟಿತನದಲ್ಲಿ. ತಲೆ ಮೆದುವಾದಷ್ಟೂ ಗುದ್ದಿದವನಿಗೆ ಕೇಡುಗಾಲ.

ಆದರೆ ದಂಡಶಾಸ್ತ್ರದ ಶಿಖರ 2021ರ ಮೇ ತಿಂಗಳದು. ಟಾಮ್ ವಿಲ್ಸನ್ ಎಂಬಾತ ನ್ಯೂಯಾರ್ಕ್ ರೇಂಜರ್ಸ್‌ನ ಬುಚ್ನೆವಿಚ್ ಐಸಿನ ಮೇಲೆ ಬೋರಲು ಬಿದ್ದಿದ್ದಾಗ ಗುದ್ದಿದ. ಹೆಲ್ಮೆಟ್ ಕಳಚಿದ್ದ, ಅದೇ ತಂಡದ ಪನಾರಿನ್‌ನನ್ನು ಎತ್ತಿ ಅಪ್ಪಳಿಸಿದ. ದಂಡ 5,000 ಡಾಲರ್. ಇದು ಅನ್ಯಾಯ, ಸುರಕ್ಷತಾ ವಿಭಾಗದ ಮುಖ್ಯಸ್ಥ ಆ ಹುದ್ದೆಗೆ ಲಾಯಕ್ಕಿಲ್ಲ ಎಂದು ರೇಂಜರ್ಸ್ ಹೇಳಿಕೆ ಕೊಟ್ಟಿತು. ಹೇಳಿಕೆಗೆ ದಂಡ 2,50,000 ಡಾಲರ್! ಗುದ್ದಿಗಿಂತ ಮಾತು ಐವತ್ತು ಪಟ್ಟು ತುಟ್ಟಿ. ‘ಮಾತು ಆಡಿದರೆ ಹೋಯಿತು’ ಎಂದ ನಮ್ಮ ಹಿರಿಯರಿಗೆ ಅದರ ರೇಟು ಇಷ್ಟೆಂದು ಗೊತ್ತಿರಲಿಲ್ಲ.

ಟಗರಿನ ಪಕ್ಷ ವಹಿಸಿದೆನೆಂದು ಯಾರೂ ಭಾವಿಸಬೇಕಿಲ್ಲ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಡಿಕ್ಕಿಗೆಂದೇ ಹುಟ್ಟಿದ ತಲೆಗಳೆಂದು ನಂಬಿದ್ದ ಹಿಮನಾಡಿನ ಮಸ್ಕಾಕ್ಸ್‌ಗಳ ಮಿದುಳಿನಲ್ಲೂ ಪೆಟ್ಟಿನ ಗುರುತು ಇದೆಯೆಂದು 2022ರಲ್ಲಿ ವಿಜ್ಞಾನಿಗಳು ಕಂಡರು. ಆದರೆ ಟಗರಿನ ತಲೆಗೆ ನಮ್ಮಲ್ಲಿ ಒಂದು ಕಾಯ್ದೆಯಾದರೂ ಇದೆ. ಮನುಷ್ಯನ ತಲೆಪೆಟ್ಟಿಗೆ ಚಪ್ಪಾಳೆ ತಟ್ಟುವುದರಲ್ಲಿ ನಾವೇನು ಕಡಿಮೆಯಲ್ಲ, ಬಿಡಿ: 2002ರಲ್ಲಿ ಆಂಟಿಗಾದ ಕ್ರಿಕೆಟ್ ಟೆಸ್ಟಿನಲ್ಲಿ ದವಡೆ ಮುರಿದುಕೊಂಡು, ತಲೆಗೆ ಬ್ಯಾಂಡೇಜು ಸುತ್ತಿ, ಅನಿಲ್ ಕುಂಬ್ಳೆ 14 ಓವರ್ ಎಸೆದು ಲಾರಾನನ್ನು ಔಟ್ ಮಾಡಿದಾಗ ‘ಇವರನ್ನು ಆಸ್ಪತ್ರೆಗೆ ಕಳಿಸ್ರಪ್ಪಾ’ ಎಂದವರಿಗಿಂತ ಚಪ್ಪಾಳೆ ತಟ್ಟಿದವರೇ ಹೆಚ್ಚು. ನಾನೂ ತಟ್ಟಿದೆ.

ಪಂಚತಂತ್ರದ ನರಿ ಕಾದಾಡುವ ಎರಡು ಟಗರುಗಳ ನಡುವೆ ನುಗ್ಗಿ, ಸೋರುವ ರಕ್ತ ನೆಕ್ಕಲು ಹೋಗಿ, ಡಿಕ್ಕಿಗೆ ಸಿಕ್ಕಿ ಸತ್ತಿತು. ಅದಕ್ಕೆ ವ್ಯವಹಾರಜ್ಞಾನ ಸಾಲದು. ಹಾಕಿ ಲೀಗಿಗೆ ಅದು ಧಾರಾಳ. ಲೀಗು 2018ರಲ್ಲಿ ತಲೆಪೆಟ್ಟಿನ ಮೊಕದ್ದಮೆ ಹೂಡಿದ್ದ 318 ಮಾಜಿ ಆಟಗಾರರೊಂದಿಗೆ ಸುಮಾರು 1.89 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ಈ ಕಾಲದ ನರಿ ಗ್ಯಾಲರಿಯಲ್ಲಿ ಕೂತು ನೆಕ್ಕುವುದನ್ನು ಕಲಿತಿದೆ.

2024ರಲ್ಲಿ ಟೊರಾಂಟೊದ ಹಾಕಿ ಗೌರವಭವನಕ್ಕೆ ಸೇರಿಸಿಕೊಂಡವರ ಪಟ್ಟಿಯಲ್ಲಿ ತಲೆ ಕುಟ್ಟಿದ ಶೇ ವೆಬರ್ ಇದ್ದಾನೆ. ನಿಯಮದ ಪುಸ್ತಕ ತಿರುವಿದ ಕಾಲಿನ್ ಕ್ಯಾಂಪ್‌ಬೆಲ್ ಇದ್ದಾರೆ. ಸವಾರ್ಡ್ ಇಲ್ಲ.