ಉಪಚುನಾವಣಾ ವ್ಯಯಮೀಮಾಂಸೆ

ಸೂತ್ರ: ತೆರವಾದುದು ತುಂಬತಕ್ಕದ್ದು, ತೆರವು ಮಾಡಿದವನು ತೆರತಕ್ಕದ್ದಲ್ಲ.

ಭಾಷ್ಯ: ಸೂತ್ರದ ಮೊದಲರ್ಧಕ್ಕೆ ಪ್ರಮಾಣ ಬೇಕಾದವರು 1951ರ ಜನಪ್ರಾತಿನಿಧ್ಯ ಕಾಯ್ದೆಯ 151ಎ ಕಲಮನ್ನು ನೋಡಬಹುದು. ಲೋಕಸಭೆಯ ಆಸನವೊಂದು ಖಾಲಿಬಿದ್ದರೆ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕೆಂದು ಅಲ್ಲಿ ವಿಧಿಸಿದೆ. ಎರಡನೆಯ ಅರ್ಧ ಯಾವ ಕಾಯ್ದೆಯಲ್ಲೂ ಇಲ್ಲ. ಆದರೂ ಆಚಾರದಲ್ಲಿ ಅದು ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದಕ್ಕೆ ಪ್ರಮಾಣ ಕೇಳುವವನನ್ನೇ ಪಂಡಿತರು ಅನುಮಾನದಿಂದ ನೋಡುತ್ತಾರೆ.

ಯಜ್ಞದ ಸಂಭಾರ, ದಕ್ಷಿಣೆ, ಫಲ ಇವುಗಳ ಬಗ್ಗೆ ನಮ್ಮ ಮೀಮಾಂಸಕರು ಶತಮಾನಗಟ್ಟಲೆ ಜಗಳವಾಡಿದರು. ಉಪಚುನಾವಣೆಯ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಅವರನ್ನು ದೂರಿ ಫಲವಿಲ್ಲ. ಆ ಕಾಲದ ರಾಜರು ಒಂದೋ ಸಾಯುತ್ತಿದ್ದರು, ಇಲ್ಲ ಕಾಡಿಗೆ ಹೋಗುತ್ತಿದ್ದರು. ಪಕ್ಕದ ಸಿಂಹಾಸನ ಇನ್ನೂ ಮೆತ್ತಗಿದೆಯೆಂದು ಎದ್ದು ಹೋಗುತ್ತಿರಲಿಲ್ಲ. ಹೀಗೆ ಉಳಿದುಹೋದ ಕೊರತೆಯನ್ನು ನೀಗಲೆಂದೇ ಈ ಕಿರುಗ್ರಂಥ.

ಕರ್ಮ ಮೂರು ಬಗೆ: ನಿತ್ಯ, ನೈಮಿತ್ತಿಕ, ಕಾಮ್ಯ. ಐದು ವರ್ಷಕ್ಕೊಮ್ಮೆ ಬರುವ ಸಾರ್ವತ್ರಿಕ ಚುನಾವಣೆ ನಿತ್ಯಕರ್ಮ. ಮಾಡಿದರೆ ಹೆಚ್ಚಿನ ಪುಣ್ಯವಿಲ್ಲ, ಬಿಟ್ಟರೆ ಪಾಪ ಉಂಟು. ಸದಸ್ಯರು ತೀರಿಕೊಂಡಾಗ ನಡೆಸುವುದು ನೈಮಿತ್ತಿಕ. ಸುರೇಶ ಅಂಗಡಿಯವರು 2020ರಲ್ಲಿ ಕೋವಿಡ್‌ಗೆ ಬಲಿಯಾದ ಮೇಲೆ 2021ರ ಏಪ್ರಿಲ್‌ನಲ್ಲಿ ಬೆಳಗಾವಿ ಮತ ಹಾಕಿದ್ದು ಈ ಬಗೆಯದು. ಸಾವಿನ ಮನೆಯ ಖರ್ಚನ್ನು ಯಾರೂ ಆಡಿಕೊಳ್ಳಬಾರದು, ನಾವೂ ಆಡುವುದಿಲ್ಲ. ಮೂರನೆಯದು ಕಾಮ್ಯ. ಒಂದು ಆಸನದಲ್ಲಿ ಕುಳಿತವರಿಗೆ ಇನ್ನೊಂದರ ಮೇಲೆ ಆಸೆ ಹುಟ್ಟಿದಾಗ ಇದು ಒದಗುತ್ತದೆ. ಗ್ರಂಥದ ಮುಖ್ಯ ವಿಷಯ ಇದೇ.

ಕಾಮ್ಯಕ್ಕೆ ಕರ್ನಾಟಕದಷ್ಟು ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. 2013ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮತ್ತು ಚಲುವರಾಯಸ್ವಾಮಿ ಸಂಸದರಾಗಿದ್ದುಕೊಂಡೇ ವಿಧಾನಸಭೆಗೆ ಗೆದ್ದರು, ಬೆಂಗಳೂರು ಗ್ರಾಮಾಂತರ ಮತ್ತು ಮಂಡ್ಯ ಖಾಲಿಯಾದವು, ಆಗಸ್ಟ್‌ನಲ್ಲಿ ಉಪಚುನಾವಣೆ. 2018ರಲ್ಲಿ ಇದೇ ವಿಧಿ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಯಡಿಯೂರಪ್ಪ, ಶ್ರೀರಾಮುಲು, ಪುಟ್ಟರಾಜು ಮೂವರೂ ದೆಹಲಿ ಬಿಟ್ಟು ವಿಧಾನಸೌಧ ಹಿಡಿದರು. ಶಿವಮೊಗ್ಗ, ಬಳ್ಳಾರಿ, ಮಂಡ್ಯ ತೆರವಾದವು. ಮಂಡ್ಯದವರು ಸುಮಾರು ಐದು ವರ್ಷದಲ್ಲಿ ಎರಡನೆಯ ಲೋಕಸಭಾ ಉಪಚುನಾವಣೆಗೆ ಬೆರಳು ಚಾಚಿದರು. ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದಲೂ ದೇಶಕ್ಕೆಲ್ಲ ಅಳಿಸಲಾಗದ ಶಾಯಿ ಕಳಿಸುತ್ತಿದೆ, ಮಂಡ್ಯ ಪಕ್ಕದಲ್ಲೇ ಇದೆ. ಸಾಗಣೆವೆಚ್ಚ ಉಳಿಯಲೆಂದೇ ಮಂಡ್ಯವನ್ನು ಆರಿಸಿಕೊಂಡರೆಂದು ಕೆಲವರ ಮತ. ಈ ಮತ ನಮಗೆ ಒಪ್ಪಿಗೆಯಿಲ್ಲ.

2018ರ ನವೆಂಬರ್ 3ರಂದು ಮತದಾನ, 6ಕ್ಕೆ ಎಣಿಕೆ. ಗೆದ್ದವರಿಗೆ ಸಿಕ್ಕಿದ್ದು ಒಂದು ಚಳಿಗಾಲದ ಅಧಿವೇಶನ, ಒಂದು ಮಧ್ಯಂತರ ಬಜೆಟ್ ಅಧಿವೇಶನ. ಮಾರ್ಚ್ 10ಕ್ಕೆ ಸಾರ್ವತ್ರಿಕ ಚುನಾವಣೆ ಘೋಷಣೆಯಾಗಿ ಮತ್ತೆ ನೀತಿಸಂಹಿತೆ. ಶಿವಮೊಗ್ಗದಲ್ಲಿ ಅಪ್ಪ ಬಿಟ್ಟ ಆಸನಕ್ಕೆ ಮಗ ಬಂದರು, 2019ರಲ್ಲೂ ಉಳಿಸಿಕೊಂಡರು. ಬಳ್ಳಾರಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದ ಉಗ್ರಪ್ಪ 2019ರಲ್ಲಿ ಸೋತರು. ಮಂಡ್ಯದಲ್ಲಿ ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದ ಶಿವರಾಮೇಗೌಡರಿಗೆ ಟಿಕೆಟ್ಟೇ ಸಿಗಲಿಲ್ಲ.

ಪೂರ್ವಪಕ್ಷಿ ಇಲ್ಲಿ ಎದ್ದು ಕೇಳುತ್ತಾನೆ: “ಸ್ವಾಮಿ, ಎರಡು ಅಧಿವೇಶನಕ್ಕೆ ಮಾಡಿದ ಖರ್ಚು ಐದು ವರ್ಷಕ್ಕೆ ಮಾಡುವ ಖರ್ಚಿನ ಹತ್ತನೇ ಒಂದು ಭಾಗವಷ್ಟೇ ಇರಬೇಕಲ್ಲವೆ?” ಇಲ್ಲ. ಉಪ ಎಂಬ ಉಪಸರ್ಗ ಕಾಲವನ್ನು ಕಿರಿದು ಮಾಡುತ್ತದೆಯೇ ಹೊರತು ಬಿಲ್ಲನ್ನಲ್ಲ. ಮತಗಟ್ಟೆ ಅಷ್ಟೇ, ಯಂತ್ರ ಅಷ್ಟೇ, ಬಸ್ಸು ಅಷ್ಟೇ. ಅಭ್ಯರ್ಥಿಯ ವೆಚ್ಚಮಿತಿಯೂ ಅಷ್ಟೇ. ದೊಡ್ಡ ರಾಜ್ಯಗಳ ಲೋಕಸಭಾ ಕ್ಷೇತ್ರಕ್ಕೆ 2018ರಲ್ಲಿ 70 ಲಕ್ಷವಿತ್ತು, 2022ರಿಂದ 95 ಲಕ್ಷ. ಐದು ವರ್ಷ ಆಳಲು ಹೊರಟವನಿಗೂ ಐದು ತಿಂಗಳು ಆಳಲು ಹೊರಟವನಿಗೂ ಒಂದೇ ಮಿತಿ. ಸಮಾನತೆ ಎಂಬ ತತ್ತ್ವ ಇಷ್ಟು ಶುದ್ಧವಾಗಿ ಜಾರಿಯಲ್ಲಿರುವ ಜಾಗ ದೇಶದಲ್ಲಿ ಬೇರೊಂದಿಲ್ಲ.

ಇನ್ನು ದಕ್ಷಿಣಾಪ್ರಕರಣ. ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಚುನಾವಣಾಧಿಕಾರಿ. ಯಾಗದಲ್ಲಿ ಬ್ರಹ್ಮನ ಸ್ಥಾನ ಅವರದು: ಎಲ್ಲವನ್ನೂ ನೋಡುತ್ತಿರಬೇಕು, ಲೋಪವಾದರೆ ಮಾತ್ರ ಬಾಯಿ ತೆರೆಯಬೇಕು. ಹೊಗೆ ಕುಡಿಯುವ ಋತ್ವಿಜರೆಂದರೆ ಮತಗಟ್ಟೆಯವರು. ಪಿಆರ್‌ಒ ಎಂಬ ಅಧ್ಯಕ್ಷಾಧಿಕಾರಿ, ಅವರ ಸಹಾಯಕ ಎಪಿಆರ್‌ಒ, ಅವರ ಕೈಕೆಳಗೆ ಮತಗಟ್ಟೆ ಅಧಿಕಾರಿಗಳು, ಒಬ್ಬ ಡಿ ಗ್ರೂಪ್ ನೌಕರ, ಬಾಗಿಲಲ್ಲಿ ಪೊಲೀಸಪ್ಪ. ಇವರಲ್ಲಿ ಹೆಚ್ಚಿನವರು ಮೇಷ್ಟ್ರುಗಳು, ಮೇಡಮ್ಮುಗಳು. ಮತದಾನದ ಹಿಂದಿನ ದಿನ ತಾಲ್ಲೂಕು ಕೇಂದ್ರದ ಕಾಲೇಜು ಮೈದಾನದಲ್ಲಿ ಮಸ್ಟರಿಂಗ್. ಶಾಮಿಯಾನದ ಕೆಳಗೆ ಕುರ್ಚಿ ಹಿಡಿಯುವುದು, ತಂಡದ ನಾಲ್ಕನೆಯವರು ಇನ್ನೂ ಬಂದಿಲ್ಲವೆಂದು ಫೋನು ಮಾಡುವುದು, ಮೈಕಿನಲ್ಲಿ ಕೂಗಿದ ಮತಗಟ್ಟೆಯ ಸಂಖ್ಯೆ ನಮ್ಮದೋ ಪಕ್ಕದವರದೋ ಎಂದು ಕಿವಿ ನೆಟ್ಟಗೆ ಮಾಡುವುದು, ಇವು ಸಂಕಲ್ಪಕ್ಕೆ ಮೊದಲಿನ ಅಂಗಗಳು.

ಆಮೇಲೆ ಸಂಭಾರ. ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್, ವಿವಿಪ್ಯಾಟ್. ಹಸಿರು ಕಾಗದದ ಮೊಹರು, ವಿಳಾಸದ ಚೀಟಿ, ಅರಗು, ದಾರ, ಮೋಂಬತ್ತಿ, ಬೆಂಕಿಪೊಟ್ಟಣ, ಲೋಹದ ಮೊಹರು, ಬಾಣದ ಗುರುತಿನ ರಬ್ಬರ್ ಮೊಹರು, ರಟ್ಟಿನ ಮತಕೋಣೆ, ಬಣ್ಣ ಬಣ್ಣದ ಲಕೋಟೆ, ಶಾಯಿಯ ಬಾಟಲಿ, ನಮೂನೆ 17ಸಿ. ಹತ್ತು ಮಿಲಿಲೀಟರಿನ ಒಂದು ಬಾಟಲಿ ಸುಮಾರು ಏಳುನೂರು ಬೆರಳಿಗೆ ಸಾಲುತ್ತದೆ. ಯಾವ ಶ್ರೌತಸೂತ್ರವೂ ಈ ಪಟ್ಟಿಯ ಮುಂದೆ ನಿಲ್ಲಲಾರದು. ಆದರೆ ಋತ್ವಿಜರು ರಾತ್ರಿ ಕಳೆಯಬೇಕಾದ ಶಾಲೆಯ ಕೋಣೆಗೆ ಅತ್ಯಗತ್ಯವಾದ ಸೊಳ್ಳೆಬತ್ತಿ ಪಟ್ಟಿಯಲ್ಲಿಲ್ಲ. ಅದನ್ನು ಋತ್ವಿಜರೇ ತಮ್ಮ ಚೀಲದಲ್ಲಿ ತರತಕ್ಕದ್ದು. ಅಧ್ಯಾಹಾರ ಎಂದು ಶಾಸ್ತ್ರದಲ್ಲಿ ಕರೆಯುವುದು ಇದನ್ನೇ.

ಬೆಳಗಿನ ಜಾವ ಪಕ್ಷಗಳ ಏಜೆಂಟರನ್ನು ಕೂರಿಸಿಕೊಂಡು ಕಡೇಪಕ್ಷ 50 ಮತಗಳ ಅಣಕು ಮತದಾನ ನಡೆಸಿ, ಅದನ್ನು ಅಳಿಸಿ, ಯಂತ್ರಕ್ಕೆ ಮೊಹರು ಹಾಕಬೇಕು. (ಇಡೀ ಪ್ರಕ್ರಿಯೆಯಲ್ಲಿ ಆಯೋಗವೇ ಬಾಯಿಬಿಟ್ಟು ಅಣಕು ಎಂದು ಒಪ್ಪಿಕೊಂಡಿರುವುದು ಇದೊಂದನ್ನೇ.) ಸಂಜೆ ಮುಗಿದ ಮೇಲೆ ಡಿಮಸ್ಟರಿಂಗ್, ಬಸ್ಸು ಬರುವುದು ಯಾವಾಗಲೋ, ಲಕೋಟೆ ತೆಗೆದುಕೊಳ್ಳುವ ಕೌಂಟರಿನ ಸಾಲು ಕರಗುವುದು ಯಾವಾಗಲೋ. ಇದಕ್ಕೆಲ್ಲ ದಕ್ಷಿಣೆ? ಮತಗಟ್ಟೆಯ ಮುಖ್ಯ ಋತ್ವಿಜ ಪಿಆರ್‌ಒಗೆ ಬಹುಕಾಲ ದಿನಕ್ಕೆ 350 ರೂಪಾಯಿ ಇತ್ತು. 2025ರಲ್ಲಿ 500 ಆಯಿತು. ಇದನ್ನು ಸಂಬಳ ಎನ್ನಬಾರದು, ಭತ್ಯೆ ಎನ್ನಬಾರದು, ಗೌರವಧನ ಎನ್ನಬೇಕು. ಹೆಚ್ಚಿಸಿದರೆ ಗೌರವ ತಗ್ಗೀತೆಂಬ ಭಯದಿಂದಲೇ ಇಷ್ಟು ವರ್ಷ ಹೆಚ್ಚಿಸಿರಲಿಲ್ಲ ಎಂಬುದು ನಮ್ಮ ಊಹೆ.

ಮತಗಟ್ಟೆಯ ಮೇಷ್ಟ್ರಿಗೆ ಚಹಾ ಎಷ್ಟು ಲೋಟವೆಂದು ಯಾರೂ ಕೇಳುವುದಿಲ್ಲ. ಅಭ್ಯರ್ಥಿ ಕೊಡಿಸಿದ ಚಹಾಕ್ಕೆ ಮಾತ್ರ ಶಾಸ್ತ್ರವಿದೆ. ಪ್ರತಿ ಜಿಲ್ಲೆಯಲ್ಲೂ ಪಕ್ಷಗಳ ಜೊತೆ ಸಮಾಲೋಚಿಸಿ ದರಪಟ್ಟಿಯೊಂದನ್ನು ಹೊರಡಿಸುತ್ತಾರೆ: ಚಹಾಕ್ಕೆ ಇಷ್ಟು, ಇಡ್ಲಿಗೆ ಇಷ್ಟು, ಪಲಾವಿಗೆ ಇಷ್ಟು, ಕುರ್ಚಿಗೆ, ಶಾಮಿಯಾನಕ್ಕೆ, ಹೂವಿನ ಹಾರಕ್ಕೆ, ಬಾವುಟಕ್ಕೆ, ಧ್ವನಿವರ್ಧಕಕ್ಕೆ ಇಷ್ಟಿಷ್ಟು. ಅಭ್ಯರ್ಥಿಯ ಲೆಕ್ಕಪುಸ್ತಕದಲ್ಲಿ ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಎದುರಿಗೆ ವೆಚ್ಚ ವೀಕ್ಷಕರ ನೆರಳು ಪುಸ್ತಕ. ಸಭೆಯ ವಿಡಿಯೊ ನೋಡಿ ಖಾಲಿ ಕುರ್ಚಿಗಳನ್ನೂ ಎಣಿಸುವ ತಂಡವಿದೆ. ಕುರ್ಚಿ ಖಾಲಿಯಿದ್ದರೆ ಬಾಡಿಗೆ ಮನ್ನಾ ಆಗುವುದಿಲ್ಲ. ತಾರಾ ಪ್ರಚಾರಕರ ವಿಮಾನ ಮಾತ್ರ ಈ ಮೂರು ಬಣ್ಣದ ಹಾಳೆಗಳ ಮೇಲಿಂದ ಹಾರಿ ಹೋಗುತ್ತದೆ. ಮಾನ್ಯತೆ ಪಡೆದ ಪಕ್ಷಕ್ಕೆ 40 ತಾರೆಗಳ ತನಕ ಅವಕಾಶವಿದೆ, ಅವರ ಓಡಾಟ ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ಪಕ್ಷದ ಖರ್ಚಿಗಂತೂ ಮಿತಿಯೇ ಇಲ್ಲ. ಇಡ್ಲಿ ಭೂಮಿಯ ಮೇಲಿದೆ, ಆದ್ದರಿಂದ ಎಣಿಕೆಗೆ ಸಿಗುತ್ತದೆ. ತಾರೆಗಳು ಆಕಾಶದಲ್ಲಿವೆ, ಸಿಗುವುದಿಲ್ಲ. ಇದು ಜ್ಯೋತಿಷ್ಯಕ್ಕೆ ಸೇರಿದ ವಿಷಯ, ನಮ್ಮದಲ್ಲ.

ಠೇವಣಿಯ ವಿಚಾರ ಚಿಕ್ಕದು. ಲೋಕಸಭೆಗೆ 25,000, ಪರಿಶಿಷ್ಟ ಜಾತಿ ಪಂಗಡದವರಿಗೆ ಅದರ ಅರ್ಧ. ಕ್ರಮಬದ್ಧ ಮತಗಳ ಆರನೇ ಒಂದು ಭಾಗವನ್ನು ದಾಟದಿದ್ದರೆ ಸರ್ಕಾರದ ಪಾಲು. ಸರಿಯಾಗಿ ಆರನೇ ಒಂದು ಭಾಗವೇ ಬಂದರೆ? ದಾಟಿಲ್ಲ, ಹೋಯಿತು.

ಈಗ ಗ್ರಂಥದ ಹೃದಯಭಾಗವಾದ ಯಜಮಾನಾಧಿಕರಣ. ಮೀಮಾಂಸೆಯ ಪ್ರಕಾರ ಫಲ ಋತ್ವಿಜರದಲ್ಲ, ಯಜಮಾನನದು. ಏಕೆಂದರೆ ದಕ್ಷಿಣೆ ಕೊಟ್ಟು ಅವರ ದುಡಿಮೆಯನ್ನು ಕೊಂಡವನು ಅವನು. ಹಾಗಾದರೆ ಲೋಕಸಭಾ ಉಪಚುನಾವಣೆಯಲ್ಲಿ ಯಜಮಾನ ಯಾರು? ಹಣ ಕೊಟ್ಟವನೇ ಯಜಮಾನನೆಂದರೆ ಅದು ಕೇಂದ್ರ ಸರ್ಕಾರ. ಲೋಕಸಭೆಯ ಖರ್ಚು ಪೂರ್ತಿ ಕೇಂದ್ರದ್ದು, ವಿಧಾನಸಭೆಯದು ರಾಜ್ಯದ್ದು, ಎರಡೂ ಒಟ್ಟಿಗೆ ನಡೆದರೆ ಅರ್ಧರ್ಧ. ಬಂದೋಬಸ್ತಿನ ಖರ್ಚು ರಾಜ್ಯಗಳ ಪಾಲಿಗೆ. ಲೆಕ್ಕಪತ್ರಗಳಲ್ಲಿ ಇದೆಲ್ಲ 2015 ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ. ಅದು ಇಸವಿಯಲ್ಲ, ಚುನಾವಣೆಗೆ ಕೊಟ್ಟ ಸಂಖ್ಯೆ. ಹೊಸದಾಗಿ ಸೇರಿದ ಗುಮಾಸ್ತರು ಹಳೇ ಬಾಕಿಯೆಂದುಕೊಂಡರೆ ತಪ್ಪು ಅವರದಲ್ಲ.

ಇಲ್ಲೊಂದು ಸೂಕ್ಷ್ಮವಿದೆ. 2013 ಮತ್ತು 2018ರಲ್ಲಿ ನಾಯಕರು ದೆಹಲಿಯಿಂದ ಬೆಂಗಳೂರಿಗೆ ಬಂದರು, ಬಿಲ್ಲು ದೆಹಲಿಗೆ ಹೋಯಿತು. 2024ರಲ್ಲಿ ಗಾಳಿ ತಿರುಗಿತು. ಕುಮಾರಸ್ವಾಮಿ, ಬೊಮ್ಮಾಯಿ, ತುಕಾರಾಂ ಶಾಸಕರಾಗಿದ್ದವರು ಸಂಸದರಾದರು. ಚನ್ನಪಟ್ಟಣ, ಶಿಗ್ಗಾವಿ, ಸಂಡೂರಿಗೆ ಉಪಚುನಾವಣೆ ಬಂತು. ಬಿಲ್ಲು ಬೆಂಗಳೂರಿಗೆ ಬಂತು. ಅಂದರೆ ಹೋದ ಮನೆಯವರು ಕೊಡುವುದಿಲ್ಲ, ಬಿಟ್ಟ ಮನೆಯವರು ಕೊಡಬೇಕು. ಗಂಡ ಬಿಟ್ಟುಹೋದ ಮೇಲೆ ಅವನ ಹೊಸ ಮದುವೆಯ ಊಟದ ಖರ್ಚನ್ನೂ ಹಳೆಯ ಮಾವನೇ ಭರಿಸಬೇಕೆಂಬ ಧರ್ಮಶಾಸ್ತ್ರ ಇನ್ನೆಲ್ಲೂ ಕಂಡುಬರುವುದಿಲ್ಲ.

ಹಣ ಕೊಟ್ಟವನಿಗೆ ಫಲವಿಲ್ಲ. ಫಲ ಪಡೆದವನು ಹಣ ಕೊಟ್ಟಿಲ್ಲ. ದುಡಿದವನಿಗೆ ಸೊಳ್ಳೆ ಕಚ್ಚಿದೆ. ಇಂಥ ಯಜ್ಞದಲ್ಲಿ ಯಜಮಾನನೇ ಇಲ್ಲವೆಂದು ಶೂನ್ಯವಾದಿಗಳು ಹೇಳುತ್ತಾರೆ. ಮತದಾರನೇ ಯಜಮಾನ ಎಂದು ಭಕ್ತಿಪಂಥದವರು. ಎರಡನೆಯದಕ್ಕೆ ಆಧಾರವಾಗಿ ಅವರು ವೇದಿಕೆಯ ಭಾಷಣಗಳನ್ನು ತೋರಿಸುತ್ತಾರೆ. ಭಾಷಣ ಪ್ರಮಾಣವಲ್ಲ, ಅರ್ಥವಾದ, ಅಂದರೆ ಬರೀ ಹೊಗಳಿಕೆ.

ಪ್ರಾಯಶ್ಚಿತ್ತದ ವಿಚಾರವನ್ನು ಆಯೋಗ ಯೋಚಿಸಿಲ್ಲವೆಂದಲ್ಲ. ಒಬ್ಬ ಅಭ್ಯರ್ಥಿ ಎರಡು ಕ್ಷೇತ್ರಗಳ ತನಕ ನಿಲ್ಲಬಹುದು, ಗೆದ್ದರೆ ಒಂದನ್ನು ಬಿಡಬೇಕು. 2014ರಲ್ಲಿ ಮೋದಿಯವರು ವಡೋದರಾ ಬಿಟ್ಟರು, 2024ರಲ್ಲಿ ರಾಹುಲ್ ಗಾಂಧಿ ವಯನಾಡು ಬಿಟ್ಟರು. ಈ ಒಂದು ವಿಷಯದಲ್ಲಿ ಪಕ್ಷಭೇದವಿಲ್ಲ. ಎರಡು ಕಡೆ ನಿಲ್ಲುವುದನ್ನೇ ನಿಲ್ಲಿಸಿ, ಇಲ್ಲವಾದರೆ ಬಿಟ್ಟ ಲೋಕಸಭಾ ಆಸನಕ್ಕೆ 10 ಲಕ್ಷ, ವಿಧಾನಸಭೆಯದಕ್ಕೆ 5 ಲಕ್ಷ ವಸೂಲಿ ಮಾಡಿ ಎಂದು ಆಯೋಗ 2004ರಲ್ಲೇ ಬರೆದುಕೊಟ್ಟಿತು. ಆ ಸಲಹೆ ಕಡತದಲ್ಲಿ ಸುಖವಾಗಿದೆ. ಕಡತ ಯಾವ ಆಸನವನ್ನೂ ಬಿಟ್ಟೇಳುವುದಿಲ್ಲ.

ಕೊನೆಗೆ ಮುಹೂರ್ತಪ್ರಕರಣ. ಸದನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿರುವಾಗ ಆಸನ ತೆರವಾದರೆ ಉಪಚುನಾವಣೆ ಬೇಕಿಲ್ಲವೆಂದು ಅದೇ 151ಎ ಹೇಳುತ್ತದೆ. ಆಂಧ್ರದ ಐವರು ವೈಎಸ್‌ಆರ್ ಕಾಂಗ್ರೆಸ್ ಸಂಸದರು ವಿಶೇಷ ಸ್ಥಾನಮಾನಕ್ಕಾಗಿ 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಸ್ಪೀಕರ್ ಅಂಗೀಕರಿಸಿದ್ದು ಜೂನ್‌ನಲ್ಲಿ. ಸದನದ ಅವಧಿ 2019ರ ಜೂನ್ 3ರ ತನಕ ಮಾತ್ರ ಇದ್ದು, ಅಷ್ಟರಲ್ಲಿ ವರ್ಷಕ್ಕಿಂತ ಕಡಿಮೆ ಉಳಿದಿದ್ದರಿಂದ ಐದು ಉಪಚುನಾವಣೆಗಳ ಖರ್ಚೂ ಉಳಿಯಿತು. ದೇಶದ ಬೊಕ್ಕಸಕ್ಕೆ ಇಷ್ಟು ಲಾಭ ತಂದ ವಿಳಂಬ ಇನ್ನೊಂದಿಲ್ಲ. ಯಡಿಯೂರಪ್ಪ ಮೊದಲಾದ ನಮ್ಮ ಮೂವರ ಆಸನಗಳು ಆ ವರ್ಷದ ಮೇ ತಿಂಗಳಲ್ಲೇ ಖಾಲಿಯಾದವು, ಗಡಿಗೆ ಕೆಲವೇ ದಿನ ಮೊದಲು. ಯಾಕೆ ಆಂಧ್ರಕ್ಕೆ ಇಲ್ಲ, ಕರ್ನಾಟಕಕ್ಕೆ ಉಂಟು ಎಂದು ಆಯೋಗವೇ ಅಕ್ಟೋಬರ್‌ನಲ್ಲಿ ವಿವರಣೆ ಹೊರಡಿಸಬೇಕಾಯಿತು.

“ಹಾಗಾದರೆ ನಮ್ಮವರು ಸ್ವಲ್ಪ ತಡೆದು ಬಿಡಬಹುದಿತ್ತಲ್ಲ?” ಎಂದು ಪೂರ್ವಪಕ್ಷಿ. ಆಗದು. ಎರಡೂ ಕಡೆ ಗೆದ್ದವರು ಹದಿನಾಲ್ಕು ದಿನದೊಳಗೆ ಶಾಸಕ ಸ್ಥಾನ ಬಿಡದಿದ್ದರೆ ಸಂಸದ ಸ್ಥಾನ ತಾನಾಗಿ ಬೀಳುತ್ತದೆಂದು 1950ರ ನಿಯಮ. ಕರ್ನಾಟಕದ ವಿಧಾನಸಭಾ ಫಲಿತಾಂಶ ಬರುವುದು ಮೇ ತಿಂಗಳಲ್ಲಿ. ಹದಿನಾಲ್ಕು ದಿನ ಕೂಡಿಸಿದರೂ ಲೋಕಸಭೆಯ ವರ್ಷದ ಗಡಿ ಆಗ ಇನ್ನೂ ಒಂದು ವಾರದ ಆಸುಪಾಸು ದೂರವಿತ್ತು. ಇದು ಮನುಷ್ಯದೋಷವಲ್ಲ, ಪಂಚಾಂಗದೋಷ. ಶಾಂತಿ ಮಾಡಿಸಿದರೆ ಪರಿಹಾರವುಂಟು. ವಿಧಾನಸಭೆ, ಲೋಕಸಭೆ ಎರಡರ ತಿಥಿಯೂ ಇದರಲ್ಲಿ ಸೇರಿರುವುದರಿಂದ ಶಾಂತಿಯ ಖರ್ಚು ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ, ಪುರೋಹಿತರಿಗೆ ದಿನಕ್ಕೆ 500, ಸೊಳ್ಳೆಬತ್ತಿ ಅವರದೇ.